ಸಿಲಿಂಡರ್ ಇಲ್ಲದ ಒಲೆ

ಆಸ್ಪತ್ರೆಯಲ್ಲಿ ಅವಳನ್ನು ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಟೀ ಮೇಡಂ ಎನ್ನುತ್ತಾರೆ. ಹೆಸರು ಕೇಳಿದವರು ಈಕೆ ದಿನಕ್ಕೆ ಹತ್ತು ಲೋಟ ಟೀ ಇಳಿಸುತ್ತಾಳೆ ಅಂದುಕೊಳ್ಳಬಹುದು. ಇಳಿಸುವುದೇನೋ ನಿಜ. ಆದರೆ ಆ ಲೋಟಗಳಲ್ಲಿ ಟೀ ಇರುವುದಿಲ್ಲ. ಅವಳ ಗೋಳೆಲ್ಲ ಅಲ್ಲಿಂದಲೇ ಶುರು.

ಮೊದಲು ಅವಳ ಕೆಲಸ ಏನೆಂದು ಹೇಳಿಬಿಡುತ್ತೇನೆ, ಯಾಕೆಂದರೆ ಇಪ್ಪತ್ತೆರಡು ವರ್ಷವಾದರೂ ಅವಳ ಮನೆಯವರಿಗೇ ಅದು ಸರಿಯಾಗಿ ಗೊತ್ತಿಲ್ಲ. ಮನಸ್ಸಿನ ಕಾಯಿಲೆಗೆಂದೇ ಇರುವ ದೊಡ್ಡ ಆಸ್ಪತ್ರೆ, ಅದರ ಬೆನ್ನಿಗೆ ಒಂದು ಕಾಲೇಜು. ಅಲ್ಲಿ ಅವಳು ಆಕ್ಯುಪೇಷನಲ್ ಥೆರಪಿ ಕಲಿಸುತ್ತಾಳೆ. ಕಾಯಿಲೆ ಬಿದ್ದು ದಿನಚರಿಯೇ ಕೈತಪ್ಪಿ ಹೋದವರಿಗೆ ಸ್ನಾನ, ಬಟ್ಟೆ, ಅಡುಗೆ, ಬಸ್ಸು, ಕೆಲಸ ಎಂದು ಒಂದೊಂದಾಗಿ ಮತ್ತೆ ಕೈಗೆ ಹತ್ತಿಸುವ ವಿದ್ಯೆ ಅದು. ಡಾಕ್ಟರು ಮಾತ್ರೆ ಕೊಡುತ್ತಾರೆ, ಮಾತ್ರೆ ತಲೆಯೊಳಗಿನ ಗದ್ದಲ ತಗ್ಗಿಸುತ್ತದೆ. ಗದ್ದಲ ತಗ್ಗಿದ ಮೇಲೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನುವುದನ್ನು ಯಾವ ಮಾತ್ರೆಯೂ ಹೇಳಿಕೊಡುವುದಿಲ್ಲ. ಅದು ಇವಳ ಪಾಲಿನ ಕೆಲಸ. ಅವಳ ಅತ್ತೆ ಮಾತ್ರ ನೆರೆಮನೆಯವರಿಗೆ, "ನಮ್ಮ ಸೊಸೆ ಅರ್ಧ ಡಾಕ್ಟರು" ಎನ್ನುತ್ತಾರೆ. ಉಳಿದರ್ಧ ಏನು ಎಂದು ಈವರೆಗೆ ಯಾರೂ ಕೇಳಿಲ್ಲ.

ಕಾಲೇಜಿನ ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ತರಬೇತಿ ಅಡುಗೆಮನೆ ಇದೆ. ಒಂದು ಕಲ್ಲಿನ ಕಟ್ಟೆ, ಒಂದು ನಲ್ಲಿ, ಮೂರು ಪಾತ್ರೆ, ಆರು ಸ್ಟೀಲ್ ಲೋಟ, ಒಂದು ಜರಡಿ, ಎರಡು ಬರ್ನರಿನ ಗ್ಯಾಸ್ ಒಲೆ. ಗೋಡೆಯ ಮೇಲೆ "ಇದು ನಿಮ್ಮ ಮನೆ ಎಂದೇ ತಿಳಿಯಿರಿ" ಎಂಬ ಬೋರ್ಡು. ಅದನ್ನು ಬರೆಸಿದ್ದು ಅವಳೇ. ನಾಲ್ಕು ವರ್ಷದ ಹಿಂದೆ ಸುರಕ್ಷತೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ರೋಗಿಗಳು ಓಡಾಡುವ ಕೋಣೆಯಲ್ಲಿ ಸಿಲಿಂಡರ್ ಕಂಡು ಹೌಹಾರಿ ಒಂದು ಸಾಲು ಬರೆದು ಹೋದರು. ಮಾರನೇ ದಿನ ಇಬ್ಬರು ಬಂದು ಸಿಲಿಂಡರನ್ನು ಉರುಳಿಸಿಕೊಂಡು ಹೋದರು. ಒಲೆಯ ಬಗ್ಗೆ ಆ ಸಾಲಿನಲ್ಲಿ ಏನೂ ಇರಲಿಲ್ಲವಾದ್ದರಿಂದ ಒಲೆ ಅಲ್ಲೇ ಉಳಿಯಿತು. ಅದರ ರಬ್ಬರ್ ಪೈಪು ಇವತ್ತಿಗೂ ಕಟ್ಟೆಯ ಕೆಳಗೆ ನೇತಾಡುತ್ತಿದೆ.

ಸಿಲಿಂಡರ್ ಹೋಯಿತು, ಸರಿ. ಆದರೆ ಫಾರಂ ಹೋಗಲಿಲ್ಲ. ವಾರ್ಡಿನಿಂದ ಮನೆಗೆ ಹೋಗುವ ಪ್ರತಿಯೊಬ್ಬರಿಗೂ ಒಂದು ಫಾರಂ ತುಂಬಬೇಕು. ಒಬ್ಬರೇ ಇರಬಲ್ಲರೇ, ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲರೇ ಎಂದು ಅಳೆಯುವ ಫಾರಂ. ಅದರಲ್ಲಿ ಟೀ ಮಾಡುವುದಕ್ಕೆ ಹತ್ತು ಹೆಜ್ಜೆ, ಹತ್ತು ಅಂಕ. ಪಾತ್ರೆ ಆರಿಸುವುದು, ನೀರು ಅಳೆಯುವುದು, ಒಲೆ ಹಚ್ಚುವುದು, ಹೀಗೆ ಹೋಗಿ ಕೊನೆಗೆ ಸೋಸಿ ಇನ್ನೊಬ್ಬರಿಗೆ ಕೊಡುವುದು. ಆರಕ್ಕಿಂತ ಕಡಿಮೆ ಬಂದರೆ ಮನೆಗೆ ಕಳಿಸುವಂತಿಲ್ಲ. ಸಿಲಿಂಡರ್ ಮುಂದಿನ ವಾರ ವಾಪಸು ಬರುತ್ತದಲ್ಲ, ಅಲ್ಲಿಯವರೆಗೆ ಇದೆ ಅಂದುಕೊಂಡು ಮಾಡಿಸೋಣ ಎಂದು ಅವಳೇ ವಿದ್ಯಾರ್ಥಿಗಳಿಗೆ ಹೇಳಿದ್ದಳು. ಆ ಮುಂದಿನ ವಾರಕ್ಕೆ ಈಗ ನಾಲ್ಕು ವರ್ಷ.

ಒಂದು ಸಲ ಆ ಅಡುಗೆಮನೆಯ ಪರೀಕ್ಷೆ ನೋಡಬೇಕು ನೀವು. ವಿದ್ಯಾರ್ಥಿನಿ ಕೈಯಲ್ಲಿ ಫಾರಂ ಹಿಡಿದು, "ಈಗ ನೀರು ಕುದೀತಿದೆ" ಎನ್ನುತ್ತಾಳೆ. ನಲವತ್ತು ದಾಟಿದ ದೊಡ್ಡ ಮನುಷ್ಯನೊಬ್ಬ ತಣ್ಣನೆಯ ಪಾತ್ರೆಯಲ್ಲಿ ಗಂಭೀರವಾಗಿ ಚಮಚ ಆಡಿಸುತ್ತಾನೆ. ಉಕ್ಕಿ ಬಂತು ಎಂದರೆ ಒಲೆ ಸಣ್ಣ ಮಾಡುತ್ತಾನೆ. ಕೆಲವರು ಬಟ್ಟೆ ಸುತ್ತಿ ಪಾತ್ರೆ ಇಳಿಸುತ್ತಾರೆ, ಕೈ ಸುಡಬಾರದಲ್ಲ. ಕೊನೆಗೆ ಖಾಲಿ ಲೋಟವನ್ನು ಮೇಡಂ ಕೈಗೆ ಕೊಡುತ್ತಾರೆ. ಮೇಡಂ ಲೋಟ ಎತ್ತಿ ಒಂದು ದೊಡ್ಡ ಗುಟುಕು ಗಾಳಿ ಕುಡಿದು, "ಚೆನ್ನಾಗಿದೆ" ಎನ್ನುತ್ತಾಳೆ. ಹತ್ತಕ್ಕೆ ಹತ್ತು.

ಸುಮ್ಮನೆ ಕೂತಿದ್ದಳು ಅಂದುಕೊಳ್ಳಬೇಡಿ. ಹತ್ತೊಂಬತ್ತು ಅರ್ಜಿ ಬರೆದಿದ್ದಳು. ಅಗ್ನಿಶಾಮಕದವರು "ಆಸ್ಪತ್ರೆಯವರು ಕೇಳಲಿ" ಅಂದರು. ಆಸ್ಪತ್ರೆಯವರು "ಅಗ್ನಿಶಾಮಕದವರು ಬರೆದುಕೊಡಲಿ" ಅಂದರು. ಕರೆಂಟ್ ಒಲೆಯಾದರೂ ಕೊಡಿ ಎಂದಾಗ ಆ ಕೋಣೆಯ ವೈರಿಂಗ್ ಹಳೆಯದು ಎಂಬ ಉತ್ತರ ಬಂತು. ವೈರಿಂಗ್ ಬದಲಿಸಿ ಎಂದಾಗ ಆ ಕಟ್ಟಡವನ್ನೇ ಕೆಡವುವ ಯೋಜನೆ ಇದೆ, ಈಗ ಖರ್ಚು ಮಾಡುವಂತಿಲ್ಲ ಎಂಬ ಉತ್ತರ ಬಂತು. ಅವಳ ಕೋಣೆಯಿಂದ ಅರವತ್ತು ಹೆಜ್ಜೆ ದೂರದ ಕ್ಯಾಂಟೀನಿನಲ್ಲಿ ಇಡೀ ದಿನ ನಾಲ್ಕು ಒಲೆ ಭುಸುಗುಡುತ್ತಿದ್ದವು. ಆ ಸದ್ದು ಕಿವಿಗೆ ಬಿದ್ದಾಗಲೆಲ್ಲ ಅವಳ ಪಿತ್ತ ನೆತ್ತಿಗೇರುತ್ತಿತ್ತು.

ಸಂಜೆ ಮನೆಗೆ ಹೋದರೆ ಅತ್ತೆಯ ತಮಾಷೆ ಬೇರೆ. "ಇವತ್ತು ಎಷ್ಟು ಲೋಟ ಕುಡಿದ್ಯಮ್ಮಾ?"

"ಐದು ಅತ್ತೆ."

"ಸಕ್ಕರೆ ಸರಿಯಾಗಿತ್ತಾ?"

"ನೀವೂ ಶುರು ಮಾಡಬೇಡಿ ಅತ್ತೆ, ಕೈಮುಗೀತೀನಿ," ಎಂದು ಅವಳು ಚಪ್ಪಲಿಯನ್ನು ಮೂಲೆಗೆ ಒದ್ದು ಒಳಗೆ ಹೋಗುತ್ತಿದ್ದಳು.

ಇದಿಷ್ಟೇ ಆಗಿದ್ದರೆ ಕಚೇರಿಗಳ ಕಥೆ ಎಲ್ಲ ಕಡೆಯೂ ಇದ್ದದ್ದೇ ಎಂದು ಬಿಡಬಹುದಿತ್ತು. ಆದರೆ ಅವಳು ಆ ಅಂಕಗಳ ಮೇಲೆ ಸಂಶೋಧನೆಯನ್ನೂ ಮಾಡಿದ್ದಳು. ಅಡುಗೆಮನೆಯ ತರಬೇತಿಯಿಂದ ಚೇತರಿಕೆ ಎಷ್ಟಾಗುತ್ತದೆ ಎಂಬ ವಿಷಯ. ಇನ್ನೂರ ಹದಿನಾಲ್ಕು ಜನ, ಅದರಲ್ಲಿ ನೂರಕ್ಕೆ ತೊಂಬತ್ತೊಂದು ಜನ ಸ್ವತಂತ್ರವಾಗಿ ಟೀ ಮಾಡಬಲ್ಲರು ಎಂಬ ಫಲಿತಾಂಶ. ಲೇಖನ ಒಳ್ಳೆಯ ಪತ್ರಿಕೆಯಲ್ಲೇ ಬಂತು. ಮೊದಲ ಹೆಸರು ದೊಡ್ಡ ಡಾಕ್ಟರದು. ಅವರು ಆ ಅಡುಗೆಮನೆಗೆ ಜೀವಮಾನದಲ್ಲಿ ಒಂದೇ ಸಲ ಕಾಲಿಟ್ಟಿದ್ದು, ಅದೂ ಪೆನ್ನಿನ ಇಂಕು ಅಂಟಿದ ಕೈ ತೊಳೆಯಲು. ಎರಡನೆಯ ಹೆಸರು ಇವಳದು. ಆ ಲೇಖನದಿಂದ ಇವಳಿಗೆ ಬಡ್ತಿಯೂ ಸಿಕ್ಕಿತು. ಇನ್ನೂರ ಹದಿನಾಲ್ಕರಲ್ಲಿ ಮೊದಲ ಮೂವತ್ತೆಂಟು ಜನ ಮಾತ್ರ ನಿಜವಾದ ಬೆಂಕಿಯ ಮೇಲೆ ಟೀ ಮಾಡಿದ್ದರು. ಉಳಿದವರದೆಲ್ಲ ಅಂದುಕೊಂಡ ಟೀ. ಲೇಖನದಲ್ಲಿ ಆ ಮಾತು ಎಲ್ಲೂ ಇರಲಿಲ್ಲ.

ಬರೆಯುವಾಗ ಕೈ ತಡೆದಿತ್ತು. ಆದರೂ ಬರೆದಳು. ಸಿಲಿಂಡರ್ ಬಂದ ಮೇಲೆ ಎಲ್ಲರನ್ನೂ ಕರೆಸಿ ಇನ್ನೊಮ್ಮೆ ಮಾಡಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಅಂಥದ್ದರಲ್ಲಿ ವಾಚಣ್ಣ ಬಂದ.

ವಾಚಣ್ಣ ಎನ್ನುವುದು ವಾರ್ಡಿನವರು ಇಟ್ಟ ಹೆಸರು. ಐವತ್ತರ ಆಸುಪಾಸಿನ ಗಡಿಯಾರ ರಿಪೇರಿಯವನು. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದವನು. ಒಂದು ಬೇಸಿಗೆಯಲ್ಲಿ ಅವನಿಗೆ ನಿಂತ ಗಡಿಯಾರಗಳೆಲ್ಲ ಓಡುವ ಸದ್ದು ಕೇಳತೊಡಗಿತು, ಓಡುವ ಗಡಿಯಾರಗಳೆಲ್ಲ ನಿಂತಿವೆ ಅನ್ನಿಸತೊಡಗಿತು. ಗಿರಾಕಿಗಳ ಸರಿಯಿದ್ದ ವಾಚುಗಳನ್ನೇ ಬಿಚ್ಚುತ್ತಾ ಹೋದ. ಅವನ ಅಕ್ಕ ಬಂದು ಬಾಗಿಲು ತಳ್ಳಿದಾಗ ಅರವತ್ತು ವಾಚುಗಳ ಚಕ್ರ, ಮುಳ್ಳು, ಸ್ಕ್ರೂಗಳೆಲ್ಲ ನೆಲದ ಮೇಲೆ ಹರಡಿದ್ದವು. ಅವನು ಅವುಗಳ ನಡುವೆ ಎರಡು ದಿನದಿಂದ ಊಟವಿಲ್ಲದೆ ಕೂತಿದ್ದ.

ವಾರ್ಡಿನಲ್ಲಿ ನಾಲ್ಕನೇ ತಿಂಗಳಿಗೆ ಅವನು ತನಗೆ ತಾನೇ ಒಂದು ಕಟ್ಟಳೆ ಮಾಡಿಕೊಂಡ. ಯಾರೂ ಹೇಳಿಕೊಟ್ಟದ್ದಲ್ಲ. ಏನು ಕಂಡರೂ ಏನು ಕೇಳಿಸಿದರೂ ಮೊದಲು ಮುಟ್ಟಿ ನೋಡುವುದು. ಕೈಗೆ ಸಿಕ್ಕರೆ ಇದೆ, ಸಿಗದಿದ್ದರೆ ಇಲ್ಲ. ಇಲ್ಲದ್ದಕ್ಕೆ ಹೂಂಗುಟ್ಟುವುದಿಲ್ಲ, ಸತ್ತರೂ ಇಲ್ಲ. ಗೋಡೆಯ ಗಡಿಯಾರ ಹೊಡೆದ ಹಾಗಾದರೆ ಹೋಗಿ ಅಂಗೈ ಇಟ್ಟು ನೋಡುತ್ತಿದ್ದ. ಊಟಕ್ಕೆ ಕರೆದ ಹಾಗಾದರೆ ಪಕ್ಕದವನ ಭುಜ ಮುಟ್ಟಿ, "ಕರೆದ್ರಾ?" ಎಂದು ಕೇಳಿಕೊಳ್ಳುತ್ತಿದ್ದ. ಟೀ ಮೇಡಂಗೆ ಇದನ್ನು ಕಂಡು ಹಿಗ್ಗೋ ಹಿಗ್ಗು. ತರಗತಿಯಲ್ಲಿ ಪಾಠ ಮಾಡಿದಳು. "ಚೇತರಿಕೆ ಅಂದ್ರೆ ಕಾಯಿಲೆ ಮಾಯ ಆಗೋದಲ್ಲ, ಕಾಯಿಲೆ ಇದ್ದೂ ತನ್ನ ದಿನಾನ ತಾನೇ ನಡೆಸೋದು. ನೋಡಿ, ಈ ಮನುಷ್ಯ ತನಗೆ ಬೇಕಾದ ಸಲಕರಣೆಯನ್ನ ತಾನೇ ಮಾಡ್ಕೊಂಡಿದಾನೆ," ಎಂದಳು. ಮೂವತ್ತಾರು ವಿದ್ಯಾರ್ಥಿಗಳು ಅದನ್ನು ಬರೆದುಕೊಂಡರು.

ಏಳನೇ ತಿಂಗಳು ಅವನ ಪರೀಕ್ಷೆ ಬಂತು. ಅಕ್ಕನ ಮನೆಯ ಹಿಂದೆ ಒಂದು ಕೋಣೆ ಖಾಲಿ ಇತ್ತು, ಅಲ್ಲಿಗೆ ಅವನು ಹೋಗುವುದು ಎಂದು ಮಾತಾಗಿತ್ತು. ಅಕ್ಕನ ಗಂಡ ಮನೆಗಳಿಗೆ ಬಣ್ಣ ಹೊಡೆಸುವ ಕೆಲಸದವನು. ಬರುವ ಒಂದನೇ ತಾರೀಖಿನೊಳಗೆ ಬಾಮೈದ ಬಂದರೆ ಸರಿ, ಇಲ್ಲದಿದ್ದರೆ ಅಲ್ಲಿ ಬಣ್ಣದ ಡಬ್ಬಗಳನ್ನು ತುಂಬುತ್ತೇನೆ ಎಂದು ಅವನು ಹೇಳಿದ್ದ. ಕೋಣೆ ತಪ್ಪಿದರೆ ವಾಚಣ್ಣನಿಗೆ ಉಳಿಯುವುದು ಹಿಂದಿನ ಕಟ್ಟಡದ ದೀರ್ಘಾವಧಿ ವಾರ್ಡು. ಅಲ್ಲಿಗೆ ಹೋದವರು ಹೊರಬಂದದ್ದನ್ನು ಟೀ ಮೇಡಂ ತನ್ನ ಇಪ್ಪತ್ತೆರಡು ವರ್ಷದಲ್ಲಿ ಮೂರೇ ಸಲ ನೋಡಿದ್ದಳು. ತಾರೀಖಿಗೆ ಇನ್ನು ಹದಿನೆಂಟು ದಿನ ಇತ್ತು.

ಉದ್ದ ಜಡೆಯ ವಿದ್ಯಾರ್ಥಿನಿಯೊಬ್ಬಳು ಫಾರಂ ಹಿಡಿದು ನಿಂತಳು. "ಟೀ ಮಾಡಿ ತೋರಿಸಿ ಅಂಕಲ್."

ವಾಚಣ್ಣ ಪಾತ್ರೆ ಮುಟ್ಟಿದ. ನಲ್ಲಿಯ ನೀರು ಮುಟ್ಟಿದ. ಒಲೆಯ ಗುಬುಟು ತಿರುಗಿಸಿ ಕಿವಿಗೊಟ್ಟ. ಬಗ್ಗಿ ನೇತಾಡುವ ಪೈಪಿನ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡ.

"ಸಿಲಿಂಡರ್ ಎಲ್ಲಮ್ಮಾ?"

"ಇದೆ ಅಂದ್ಕೊಳ್ಳಿ ಅಂಕಲ್."

"ಅಂದ್ಕೊಳ್ಳೋದಾ?"

"ಹೂಂ, ಎಲ್ಲರೂ ಹಾಗೇ ಮಾಡೋದು. ಬೆಂಕಿ ಹತ್ತಿದೆ, ನೀರು ಕಾಯ್ತಿದೆ ಅಂದ್ಕೊಂಡು ಮುಂದಿನದು ಮಾಡಿ."

ಅವನು ಪಾತ್ರೆಯನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟ. ಕೋಪವೇನೂ ಇರಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದ. "ಇಲ್ಲದ್ದನ್ನ ಇದೆ ಅಂದ್ಕೊಂಡಿದ್ದಕ್ಕೇ ಅಲ್ವೇನಮ್ಮಾ ನನ್ನ ಇಲ್ಲಿ ತಂದು ಹಾಕಿದ್ದು? ಏಳು ತಿಂಗಳು ಮಾತ್ರೆ ನುಂಗಿಸಿ ಆ ಚಾಳಿ ಬಿಡಿಸಿದ್ರಿ. ಈಗ ನೀವೇ ಅಂದ್ಕೋ ಅಂತೀರಲ್ಲ?"

ಹುಡುಗಿ ಫಾರಂ ಕಡೆ ತಿರುಗಿದಳು. ಕಲಿಸಿದ್ದನ್ನು ಬರೆದಳು: ಹತ್ತಕ್ಕೆ ಸೊನ್ನೆ, ಸಹಕಾರವಿಲ್ಲ, ಆಸಕ್ತಿ ಕಡಿಮೆ. ಎರಡು ದಿನ ಬಿಟ್ಟು ಮತ್ತೆ ಮಾಡಿಸಿದರು. ಮತ್ತೆ ಸೊನ್ನೆ.

ಆ ಫಾರಂ ಮೇಜಿನ ಮೇಲೆ ಬಂದು ಕೂತಾಗ ಟೀ ಮೇಡಂಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟು ಎಂದು ಅವಳಿಗೇ ಗೊತ್ತಾಗಲಿಲ್ಲ. ಹುಡುಗಿಯನ್ನು ಬೈಯೋಣ ಎಂದರೆ ಹುಡುಗಿಗೆ ಕಲಿಸಿದ್ದು ತಾನೇ. ವಾಚಣ್ಣನನ್ನು ಬೈಯೋಣ ಎಂದರೆ ಆ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಲ್ಲಿ ಸಿಲಿಂಡರ್ ಎಲ್ಲಿ ಎಂದು ಕೇಳಿದ ಮೊದಲನೆಯವನು ಅವನು. ಇಪ್ಪತ್ತನೇ ಅರ್ಜಿ ಬರೆದಳು, ಅಷ್ಟೇ.

ಮಾರನೇ ದಿನ ಅತ್ತೆ ತಮ್ಮ ಕರೆಂಟ್ ಕೆಟಲನ್ನು ಚೀಲಕ್ಕೆ ಹಾಕಿ ಕೊಟ್ಟರು. "ತಗೊಂಡ್ಹೋಗು. ನನಗೆ ಎರಡು ದಿನ ಬಿಸಿನೀರು ಇಲ್ದಿದ್ರೆ ಏನೂ ಆಗಲ್ಲ." ಅಡುಗೆಮನೆಯ ವೈರಿಂಗ್ ಹಳೆಯದೆಂದು ವಾರ್ಡಿಗೇ ಒಯ್ದ ಕೆಟಲು ಅದರ ಬಾಗಿಲು ದಾಟಲಿಲ್ಲ. ಅನುಮತಿಯಿಲ್ಲದ ವಿದ್ಯುತ್ ಉಪಕರಣ ಎಂದು ವಾರ್ಡಿನ ಸಿಸ್ಟರ್ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಚೀಟಿ ಕೊಟ್ಟರು. ಸಿಸ್ಟರ್ ಕೆಟ್ಟವರೇನಲ್ಲ, ಬೀಗ ಹಾಕುವುದರಲ್ಲಿ ಮಾತ್ರ ಎತ್ತಿದ ಕೈ.

ಆಮೇಲೆ ಅವಳು ಇನ್ನೊಂದು ಕೆಲಸ ಮಾಡಿದಳು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಅವಳ ಕಿವಿ ಬಿಸಿಯಾಗುತ್ತದೆ. ವಾಚಣ್ಣನನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿಕೊಂಡು, ಗಂಟಲು ತಗ್ಗಿಸಿ, "ಒಂದೇ ಒಂದು ಸಲ ಅಂದ್ಕೊಂಡುಬಿಡಿ. ಐದು ನಿಮಿಷದ ನಾಟಕ. ಆಮೇಲೆ ನೀವು ನಿಮ್ಮ ಕೋಣೇಲಿ ಆರಾಮಾಗಿರ್ತೀರ," ಎಂದಳು.

ಅವನು ಬೆಂಚಿನ ಅಂಚನ್ನು ಸವರಿದ. "ಮೇಡಂ, ನಿಮಗೆ ಐದು ನಿಮಿಷ. ನಂಗೆ ಹಾಗಲ್ಲ. ಆವತ್ತು ಅಂಗಡೀಲಿ ಮೊದಲ್ನೇ ವಾಚು ಬಿಚ್ಚಿದಾಗಲೂ ಇದೊಂದೇ ಅಂತಲೇ ಬಿಚ್ಚಿದ್ದು. ಇಲ್ಲದ್ದಕ್ಕೆ ಒಂದ್ಸಲ ಹೂಂ ಅಂದ್ರೆ ಮುಂದೆ ನನ್ನ ಕೈ ನನ್ನ ಮಾತು ಕೇಳಲ್ಲ."

"ಹಾಗಾದ್ರೆ ಕೋಣೆ?"

"ಕೋಣೆ ಬೇಕು. ಬೆಳಿಗ್ಗೆ ಎದ್ದು ಒಬ್ಬನೇ ಟೀ ಮಾಡ್ಕೊಂಡು ಕುಡೀಬೇಕು ಅಂತ ಎಷ್ಟು ಆಸೆ ಇದೆ ಗೊತ್ತಾ ನಿಮಗೆ? ಇಲ್ಲಿ ಐದೂವರೆಗೆ ಡ್ರಮ್ಮಿಂದ ಮೊಗೆದು ಕೊಡ್ತಾರಲ್ಲ, ಅದನ್ನ ಟೀ ಅಂತಾರಾ?" ಎಂದ. ಅವನ ಕಣ್ಣು ತುಂಬಿತ್ತು. "ನೀವೇ ಪಾಠ ಮಾಡಿದ್ರಂತಲ್ಲ ನನ್ನ ಬಗ್ಗೆ, ಆ ಜಡೆ ಹುಡುಗಿ ಹೇಳಿದ್ಲು. ಮುಟ್ಟಿ ನೋಡೋದು ಒಳ್ಳೇದು ಅಂತ. ಈಗ ಬೇಡ ಅಂತೀರಾ?"

ಅವಳು ಎದ್ದು ಬಂದಳು. ತನ್ನ ಕೋಣೆಯ ಬಾಗಿಲು ಹಾಕಿಕೊಂಡು, ತನ್ನ ಮೇಲೇ ಅಸಹ್ಯಪಟ್ಟುಕೊಂಡು, ಮೇಜಿನ ಮೇಲೆ ತಲೆಯಿಟ್ಟು ಕೂತಳು.

ಬುಧವಾರ ಸಮಿತಿ ಕೂತಿತು. ತಾರೀಖಿಗೆ ಇನ್ನು ಆರು ದಿನ. ಉದ್ದ ಮೇಜಿನ ತುದಿಯಲ್ಲಿ ದೊಡ್ಡ ಡಾಕ್ಟರು, ಪಕ್ಕದಲ್ಲಿ ವಾರ್ಡಿನ ಸಿಸ್ಟರ್, ಎದುರಿಗೆ ಇವಳು. ದೊಡ್ಡ ಡಾಕ್ಟರು ವಾಚಣ್ಣನ ಫೈಲು ತಿರುವಿ, "ಎರಡು ಸಲವೂ ಸೊನ್ನೆ. ಇನ್ನೂ ಮೂರು ತಿಂಗಳು ಇರಲಿ," ಎಂದು ಪೆನ್ನು ತೆಗೆದರು.

"ಸರ್, ಆ ಒಲೆಗೆ ಗ್ಯಾಸ್ ಇಲ್ಲ."

"ಗೊತ್ತು ಮೇಡಂ, ನಿಮ್ಮ ಅರ್ಜಿಗಳು ಬರ್ತಾನೇ ಇರ್ತವೆ. ಆದ್ರೆ ಅದೇ ಒಲೆ ಮೇಲೆ ಉಳಿದವರೆಲ್ಲ ಪಾಸಾಗಿದ್ದಾರಲ್ಲ? ನಮ್ಮ ಲೇಖನಾನೇ ಇದೆ. ಎಲ್ಲರಿಗೂ ಆಗಿದ್ದು ಇವನೊಬ್ಬನಿಗೆ ಆಗಲಿಲ್ಲ ಅಂದ್ರೆ ತೊಂದರೆ ಒಲೇದಾ, ಇವನದಾ?"

ಇಷ್ಟು ದಿನ ಅವಳ ಕೈಹಿಡಿದಿದ್ದ ಲೇಖನ ಈಗ ವಾಚಣ್ಣನ ಕುತ್ತಿಗೆ ಹಿಡಿದಿತ್ತು. ಬಾಯಿ ಬಿಟ್ಟರೆ ಬಡ್ತಿ, ಮರ್ಯಾದೆ, ಕೆಲಸ ಎಲ್ಲಕ್ಕೂ ಸಂಚಕಾರ. ಬಿಡದಿದ್ದರೆ ಪೆನ್ನು ಇನ್ನೇನು ಕಾಗದಕ್ಕೆ ಇಳಿಯುತ್ತದೆ.

"ಆ ಲೇಖನ ಸರಿ ಇಲ್ಲ ಸರ್," ಎಂದಳು. "ಅದರಲ್ಲಿ ನೂರ ಎಪ್ಪತ್ತಾರು ಜನ ಟೀ ಮಾಡಲೇ ಇಲ್ಲ. ಮಾಡಿದ ಹಾಗೆ ನಟಿಸಿದ್ರು, ನಾನು ಕುಡಿದ ಹಾಗೆ ನಟಿಸಿದೆ. ಬಿಡುಗಡೆ ಆದ್ಮೇಲೆ ಅವರಲ್ಲಿ ಇಪ್ಪತ್ತು ಜನರ ಮನೆಗೆ ನಾನೇ ಹೋಗಿ ನೋಡಿದೀನಿ. ಇಬ್ಬರು ಮಾತ್ರ ಒಲೆ ಹಚ್ಚುತ್ತಾರೆ. ಪಾಸಾದವರೆಲ್ಲ ನಾವು ಹೇಳಿದ್ದಕ್ಕೆ ತಲೆ ಆಡಿಸಿದವರು. ಈ ಮನುಷ್ಯ ಒಬ್ಬನೇ ಇಲ್ಲದ್ದನ್ನ ಇಲ್ಲ ಅಂದಿದ್ದು. ನಮ್ಮ ಫಾರಂ ಪ್ರಕಾರ ಅದಕ್ಕೆ ಸೊನ್ನೆ."

ಸಿಸ್ಟರ್ ತಮ್ಮ ಬೀಗದ ಕೈ ಗೊಂಚಲನ್ನೇ ನೋಡುತ್ತಾ ಕೂತರು. ದೊಡ್ಡ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಅವಳಿಗೆ ಒಂದು ಕ್ಷಣ, ಬರೀ ಒಂದು ಕ್ಷಣ, ಗೆದ್ದೆ ಅನ್ನಿಸಿತು.

"ಲೇಖನದ ವಿಷಯ ಈ ಕೋಣೆ ಬಿಟ್ಟು ಹೊರಗೆ ಹೋಗೋದು ಬೇಡ," ಎಂದರು ಅವರು. "ಇನ್ನು ಫಾರಮ್ಮೇ ಸರಿಯಿಲ್ಲ ಅಂತ ನೀವೇ ಹೇಳ್ತಿದೀರಿ. ಹಾಗಾದ್ರೆ ಯಾವ ಆಧಾರದ ಮೇಲೆ ನಾನು ಸಹಿ ಹಾಕಲಿ? ಸಿಲಿಂಡರ್ ಬರೋವರೆಗೆ ಈ ಪರೀಕ್ಷೆ ನಿಲ್ಲಿಸಿಬಿಡೋಣ. ಅಲ್ಲೀವರೆಗೆ ಯಾರಿಗೂ ಡಿಸ್ಚಾರ್ಜ್ ಬೇಡ."

ನೋಡಿದಿರಾ? ವಾಚಣ್ಣನ ಜೊತೆಗೆ ಇನ್ನೂ ನಾಲ್ಕು ಜನ ಆ ವಾರ ಮನೆಗೆ ಹೋಗುವವರಿದ್ದರು. ಇವಳು ನಿಜ ಹೇಳಿದ ಪುಣ್ಯಕ್ಕೆ ಅವರೂ ಉಳಿದರು. ಅದರಲ್ಲೊಬ್ಬಾಕೆ ಆಗಲೇ ಬಟ್ಟೆ ಗಂಟು ಕಟ್ಟಿಟ್ಟುಕೊಂಡಿದ್ದಳು. ಟೀ ಮೇಡಂ ಹೊರಗೆ ಬಂದು ಕಾರಿಡಾರಿನ ಗೋಡೆಗೆ ಒರಗಿ ನಿಂತಳು. ಕಿರುಚಬೇಕು ಅನ್ನಿಸಿತು. ಆದರೆ ಆ ಆಸ್ಪತ್ರೆಯಲ್ಲಿ ಕಿರುಚಿದರೆ ಸೂಜಿ ಹಿಡಿದು ಓಡಿ ಬರುತ್ತಾರೆ ಎಂದು ನೆನಪಾಗಿ ಹಲ್ಲು ಕಚ್ಚಿಕೊಂಡಳು.

ಅವಳು ಮಾಡಬಾರದ್ದನ್ನು ಮಾಡಿದಳು. ವಾಚಣ್ಣನ ಅಕ್ಕನಿಗೆ ತನ್ನ ಸ್ವಂತ ಫೋನಿನಿಂದ ಫೋನ್ ಮಾಡಿದಳು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅಕ್ಕ ಬಂದಳು. ಕೈಯ ಹೊಲಿಗೆ ಕೆಲಸ ಬಿಟ್ಟು ಬಂದವಳು, ಸೂಜಿ ಇನ್ನೂ ಸೆರಗಿನ ಅಂಚಿಗೆ ಚುಚ್ಚಿಕೊಂಡೇ ಇತ್ತು. ಸಿಬ್ಬಂದಿ ಜೊತೆಗಿದ್ದರೆ ರೋಗಿಗಳು ಆವರಣದಲ್ಲಿ ಓಡಾಡಬಹುದು ಎಂಬ ನಿಯಮವಿತ್ತು. ಆ ಒಂದು ನಿಯಮವಾದರೂ ಇವಳ ಕಡೆಗಿತ್ತು. ಟೀ ಮೇಡಂ ಅಕ್ಕನನ್ನೂ ವಾಚಣ್ಣನನ್ನೂ ಜಡೆಯ ಹುಡುಗಿಯನ್ನೂ ಕರೆದುಕೊಂಡು ಅರವತ್ತು ಹೆಜ್ಜೆ ನಡೆದು ಕ್ಯಾಂಟೀನಿಗೆ ಹೋದಳು. ಆ ಹೊತ್ತಿನಲ್ಲಿ ಗಿರಾಕಿಗಳಿರಲಿಲ್ಲ. ಕ್ಯಾಂಟೀನಿನವನಿಗೆ ವಿಷಯ ಹೇಳಿದರೆ ಅವನು, "ಇಷ್ಟೇನಾ? ನಾಲ್ಕು ವರ್ಷದಿಂದ ನನ್ನ ಕೇಳೋದಲ್ವಾ ಮೇಡಂ?" ಎಂದ. ಅವಳಿಗೆ ಆ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ನಿಜವೇ. ಇಪ್ಪತ್ತು ಅರ್ಜಿ ಬರೆದವಳು ಅರವತ್ತು ಹೆಜ್ಜೆ ನಡೆದಿರಲಿಲ್ಲ.

ವಾಚಣ್ಣ ಒಲೆಯ ಹಿಂದೆ ಹೋದ. ಸಿಲಿಂಡರ್ ಮುಟ್ಟಿದ. ಪೈಪು ಮುಟ್ಟಿದ. ಪಾತ್ರೆ, ನೀರು, ಸಕ್ಕರೆ ಡಬ್ಬ, ಟೀಪುಡಿ, ಹಾಲು. ಲೈಟರ್ ಒತ್ತಿದಾಗ ಭಗ್ ಎಂದು ಬೆಂಕಿ ಹತ್ತಿತು. ಅವನು ಅಂಗೈಯನ್ನು ಸ್ವಲ್ಪ ದೂರದಲ್ಲಿ ಹಿಡಿದು ಶಾಖ ನೋಡಿ, "ಇದೆ," ಎಂದ. ಅಷ್ಟು ಸಂತೋಷದಲ್ಲಿ ಒಬ್ಬ ಮನುಷ್ಯ ಒಲೆಯ ಮುಂದೆ ನಿಂತದ್ದನ್ನು ಅವಳು ಎಂದೂ ನೋಡಿರಲಿಲ್ಲ. ಉಕ್ಕುವುದಕ್ಕೆ ಸರಿಯಾಗಿ ಸಣ್ಣ ಮಾಡಿದ, ಸೋಸಿದ, ಒಂದು ಹನಿ ಚೆಲ್ಲದೆ ಅಕ್ಕನಿಗೆ ಕೊಟ್ಟ.

ಅಕ್ಕ ಊದಿಕೊಂಡು ಕುಡಿದಳು. "ಸಕ್ಕರೆ ಜಾಸ್ತಿ," ಎಂದಳು. "ಮೊದಲಿಂದಲೂ ಇವನದು ಇದೇ. ನಡಿಯೋ, ಬಟ್ಟೆ ತಗೋ, ಹೋಗೋಣ." ಜಡೆಯ ಹುಡುಗಿ ಕಣ್ಣೊರೆಸಿಕೊಂಡು ಫಾರಮ್ಮಿನಲ್ಲಿ ಹತ್ತಕ್ಕೆ ಹತ್ತು ಬರೆದಳು.

ಸಿಸ್ಟರ್ ಆ ಫಾರಂ ತೆಗೆದುಕೊಳ್ಳಲಿಲ್ಲ. ಪರೀಕ್ಷೆ ನಿಲ್ಲಿಸಿದೆ, ಮತ್ತೆ ಜಾಗ ಬೇರೆ, ತರಬೇತಿ ಅಡುಗೆಮನೆ ಅಲ್ಲ. ಕರೆದುಕೊಂಡು ಹೋಗಲೇಬೇಕು ಎಂದರೆ ಇನ್ನೊಂದು ಕಾಗದವಿದೆ ಎಂದು ಡ್ರಾಯರಿನಿಂದ ತೆಗೆದರು. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇನೆ, ಮುಂದಿನದಕ್ಕೆ ಆಸ್ಪತ್ರೆ ಹೊಣೆಯಲ್ಲ ಎಂಬ ಕಾಗದ.

ಅಕ್ಕ ಎರಡು ಸಲ ಓದಿದಳು. "ವಿರುದ್ಧ ಅಂದ್ರೆ ಹೇಗೆ? ಈ ಮೇಡಮ್ಮೇ ತಾನೆ ಹೇಳಿದ್ದು, ಇವನು ಸರಿಯಾಗಿದಾನೆ ಅಂತ?"

"ಮೇಡಂ ವೈದ್ಯರಲ್ಲಮ್ಮಾ," ಎಂದರು ಸಿಸ್ಟರ್. ಮೆಲ್ಲಗೇ ಹೇಳಿದರು.

ಅಕ್ಕ ಸಹಿ ಹಾಕಿದಳು. ಟೀ ಮೇಡಂ ಪಕ್ಕದಲ್ಲಿ ನಿಂತು ನೋಡಿದಳು. ಅತ್ತೆಯ ಅರ್ಧ ಡಾಕ್ಟರು ಅಲ್ಲಿ ಕಾಲು ಡಾಕ್ಟರೂ ಆಗಿರಲಿಲ್ಲ.

ಆಮೇಲಿನದು ಬೇಗ ಹೇಳುತ್ತೇನೆ, ಹೇಳಲು ನನಗೂ ಬೇಜಾರು. ಅನುಮತಿಯಿಲ್ಲದೆ ಸಂಬಂಧಿಕರಿಗೆ ಫೋನ್ ಮಾಡಿದ್ದಕ್ಕೆ ಅವಳಿಂದ ವಿವರಣೆ ಕೇಳಿದರು. ಉಳಿದ ನಾಲ್ಕು ಜನರನ್ನು ಕ್ಯಾಂಟೀನಿಗೆ ಕರೆದೊಯ್ಯುವಂತಿಲ್ಲ ಎಂದು ಸುತ್ತೋಲೆ ಹೊರಟಿತು. ಅವರಲ್ಲಿ ಇಬ್ಬರು ಈಗ ಹಿಂದಿನ ಕಟ್ಟಡದಲ್ಲಿದ್ದಾರೆ. ಆ ಇಬ್ಬರಲ್ಲಿ ಒಬ್ಬಳು ಬಟ್ಟೆ ಗಂಟು ಕಟ್ಟಿದ್ದಾಕೆ. ಲೇಖನವನ್ನು ತಿದ್ದಬೇಕೆಂದು ಅವಳು ಪತ್ರಿಕೆಗೆ ಬರೆದಳು. ಎಲ್ಲ ಲೇಖಕರ ಸಹಿ ಬೇಕು ಎಂದು ಉತ್ತರ ಬಂತು. ದೊಡ್ಡ ಡಾಕ್ಟರ ಮೇಜಿನ ಮೇಲೆ ಆ ಕಾಗದ ಇನ್ನೂ ಕೂತಿದೆ. ಇಪ್ಪತ್ಮೂರನೇ ಅರ್ಜಿಗೆ ಸಿಲಿಂಡರ್ ಮಂಜೂರಾಗಿ ಬಂತು ಕೂಡ. ಅದಕ್ಕೆ ಕಬ್ಬಿಣದ ಪಂಜರ ಮಾಡಿಸಿ ಬೀಗ ಹಾಕಿದ್ದಾರೆ. ಬೀಗದ ಕೈ ಯಾರ ಬಳಿ ಇರಬೇಕು ಎಂದು ತೀರ್ಮಾನವಾಗಿಲ್ಲ.

ಮೂರು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳು ವಾಚಣ್ಣನ ಕೋಣೆಗೆ ಹೋದಳು. ಬಿಡುಗಡೆಯಾದವರು ಮನೆಯಲ್ಲಿ ಹೇಗಿದ್ದಾರೆ ಎಂದು ಸಂಶೋಧನೆಗಾಗಿ ಬರೆದುಕೊಳ್ಳುವ ಮನೆಭೇಟಿಯ ಫಾರಂ ಅಭ್ಯಾಸಬಲದಿಂದ ಚೀಲದಲ್ಲಿತ್ತು. ಹಿತ್ತಲಲ್ಲಿ ಬಣ್ಣದ ಡಬ್ಬಗಳನ್ನು ಭಾವ ಟಾರ್ಪಾಲಿನ ಕೆಳಗೆ ಜೋಡಿಸಿಕೊಂಡಿದ್ದ. ಕೋಣೆಯಲ್ಲಿ ಒಂದು ಮಂಚ, ಕಿಟಕಿಯ ಪಕ್ಕ ಪುಟ್ಟ ಮೇಜು, ಮೇಜಿನ ಮೇಲೆ ಭೂತಗನ್ನಡಿ ಮತ್ತು ಬಿಚ್ಚಿಟ್ಟ ಒಂದೇ ಒಂದು ವಾಚು. ಒಂದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲವಂತೆ. ಮೂಲೆಯಲ್ಲಿ ಒಂದು ಬರ್ನರಿನ ಒಲೆ, ಚಿಕ್ಕ ಸಿಲಿಂಡರ್.

"ಕೂತ್ಕೊಳ್ಳಿ ಮೇಡಂ, ಟೀ ಮಾಡ್ತೀನಿ," ಎಂದು ಅವನು ಎದ್ದ.

ಅವಳು ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮೇಲಿನ ಸಾಲಿನಲ್ಲಿ ಹೇಗೆ ಬಿಡುಗಡೆಯಾದರು ಎಂದು ಬರೆಯಬೇಕು. ಸಲಹೆಗೆ ವಿರುದ್ಧ ಎಂದು ಬರೆದಳು. ಅದರ ಕೆಳಗೇ ಅಚ್ಚಾಗಿತ್ತು: ಅಂಥವರನ್ನು ಅಧ್ಯಯನದಲ್ಲಿ ಸೇರಿಸತಕ್ಕದ್ದಲ್ಲ, ಮುಂದಿನ ಪುಟ ತುಂಬಬೇಕಾಗಿಲ್ಲ. ಆ ಸಾಲನ್ನು ಹಾಕಿಸಿದ್ದೂ ಅವಳೇ, ಲೆಕ್ಕ ಅಚ್ಚುಕಟ್ಟಾಗಿರಲಿ ಎಂದು. ಅವಳ ಲೆಕ್ಕದಲ್ಲಿ ನೂರ ಎಪ್ಪತ್ತಾರು ಜನ ಮಾಡದ ಟೀ ಇದೆ, ಇವನು ಮಾಡುವ ಟೀಗೆ ಜಾಗವಿಲ್ಲ. ಬೆನ್ನ ಹಿಂದೆ ನೀರು ಕುದಿಯುವ ಸದ್ದು ಕೇಳುತ್ತಿತ್ತು. ಅವಳು ಪೆನ್ನು ಹಿಡಿದು, ಆ ಅಚ್ಚಾದ ಸಾಲನ್ನೇ ದಿಟ್ಟಿಸಿ ನೋಡುತ್ತಾ ಕೂತಳು.

"ತಗೊಳ್ಳಿ."

ಸ್ಟೀಲ್ ಲೋಟ ಕೈಗೆ ಬಂತು. ತೊಡೆಯ ಮೇಲೆ ಫಾರಂ, ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಸೆರಗಿನ ತುದಿ ಸುತ್ತಿ ಹಿಡಿದ ಲೋಟ. ನಾಲ್ಕು ವರ್ಷದ ರೂಢಿ. ಅವಳು ಕಾಗದದಿಂದ ಕಣ್ಣೆತ್ತದೆ, ಊದದೆ, ಲೋಟ ಎತ್ತಿ ಒಂದು ದೊಡ್ಡ ಗುಟುಕು ಎಳೆದು, "ಚೆನ್ನಾ—" ಎಂದಳು.

ನಾಲಿಗೆ ಸುಟ್ಟುಹೋಯಿತು. ಅಂಗುಳು, ಗಂಟಲು ಎಲ್ಲ ಬೆಂಕಿ. ಪೆನ್ನು ಒಂದು ಕಡೆ ಬಿತ್ತು, ಅರ್ಧ ಟೀ ಫಾರಮ್ಮಿನ ಮೇಲೆ ಚೆಲ್ಲಿತು. ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಾ, ಕಣ್ಣಲ್ಲಿ ದಳದಳ ನೀರು ಸುರಿಸುತ್ತಾ ಅವಳು ಅವನ ಮುಖ ನೋಡಿದಳು.

ವಾಚಣ್ಣ ಗಾಬರಿಯಾಗಿ ತಣ್ಣೀರಿನ ಚೊಂಬು ಹಿಡಿದು ಓಡಿ ಬಂದ. ಕೊಡುವ ಮುಂಚೆ ಚೊಂಬಿಗೆ ಬೆರಳು ತಾಗಿಸಿ ನೋಡಿದ.

"ಏನ್ ಮೇಡಂ ನೀವು," ಎಂದ. "ಮುಟ್ಟಿ ನೋಡಬಾರದಾ?"